ಕೋಲು ಚಿಕ್ಕವನಿಗೆ

೧೯೮೭ನೇ ಇಸವಿ ಜೂನ್ ಹದಿನೇಳು, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನಿಘಂಟು ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಹುಡುಕುತ್ತಿದ್ದಾಗ ಅಣ್ಣ ಬಂದು ಬಾಗಿಲಿಗೆ ಅಡ್ಡ ನಿಂತ. ಹೇಗಿದ್ದೀಯ ಎನ್ನಲಿಲ್ಲ, ಒಳಗೆ ಬರಲಾ ಎನ್ನಲಿಲ್ಲ.

"ಕೋಲು ಎಲ್ಲಿ?" ಎಂದ.

ನಿಘಂಟು ಎಂಬುದು ಅವನ ಹೆಸರಲ್ಲ. ಆದರೆ ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಅಂಚೆಯವನೊಬ್ಬನಿಗೆ. ಪದಕೋಶದ ಕಚೇರಿಯಲ್ಲಿ ಅವನಿಗೆ ಕೆಲಸ. ಯಾರಾದರೂ "ಊಟ ಆಯ್ತಾ?" ಎಂದರೆ ಆಯಿತು ಎಂದೋ ಇಲ್ಲ ಎಂದೋ ಹೇಳಿ ಮುಗಿಸುವವನಲ್ಲ, ಊಟ ಎಂಬುದು 'ಉಣ್' ಧಾತುವಿನಿಂದ ಬಂದದ್ದು ಎಂದು ಶುರು ಮಾಡಿ, ಕೇಳಿದವರ ಊಟದ ಹೊತ್ತು ಮೀರುವ ತನಕ ಬಿಡುತ್ತಿರಲಿಲ್ಲ. ಆಧಾರವಿಲ್ಲದೆ ಒಂದು ಮಾತನ್ನೂ ಬರೆಯಬಾರದು ಎಂಬುದು ಕಚೇರಿಯ ನಿಯಮ. ಅದನ್ನು ಅವನು ಮನೆಗೂ ತಂದುಕೊಂಡಿದ್ದ. ಹೆಂಡತಿ "ಹಾಲು ಒಡೆದಿದೆ" ಎಂದರೂ ಎದ್ದು ಹೋಗಿ ಪಾತ್ರೆ ನೋಡಿ ಬರುತ್ತಿದ್ದ.

ಅಣ್ಣ ಕೇಳಿದ ಕೋಲು ಅಪ್ಪನದು. ಎರಡು ತಿಂಗಳ ಹಿಂದೆ ತೀರಿಕೊಂಡ ಅಪ್ಪ ಬಟ್ಟೆ ವ್ಯಾಪಾರಿ. ಗಜದ ಲೆಕ್ಕ ಹೋಗಿ ಮೀಟರಿನ ಲೆಕ್ಕ ಬಂದಾಗ ಬಡಗಿಯ ಮುಂದೆ ತಾನೇ ಕೂತು ಮಾಡಿಸಿಕೊಂಡ ಮೀಟರ್ ಕೋಲು ಅದು. ಕಪ್ಪು ಮರ, ಎರಡೂ ತುದಿಗೆ ಹಿತ್ತಾಳೆಯ ಟೊಪ್ಪಿ, ನಡುವೆ ಅಪ್ಪನ ಹೆಬ್ಬೆರಳು ಸವೆಸಿದ ನುಣುಪಾದ ಗುಳಿ. ಅಧಿಕಾರಿಗಳು ಬಂದರೆ ತೋರಿಸಲು ಸರ್ಕಾರಿ ಮುದ್ರೆಯ ಕೋಲೊಂದು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅಪ್ಪ ಅಳೆಯುತ್ತಿದ್ದದ್ದು ಮಾತ್ರ ಈ ಮುದ್ರೆಯಿಲ್ಲದ ಕೋಲಿನಿಂದಲೇ. ಅಳೆದು, ಕತ್ತರಿಸಿ, ಮಡಿಸಿ ಕೊಡುವಾಗ ಎಲ್ಲರಿಗೂ ಒಂದೇ ಮಾತು: "ಒಂದು ಸಲ ಒಗೆದು ಆಮೇಲೆ ಅಳೆದು ನೋಡಿ. ಕಮ್ಮಿ ಬಂದ್ರೆ ವಾಪಸ್ ತನ್ನಿ." ಯಾರೂ ವಾಪಸ್ ತರಲಿಲ್ಲ. ಜನ ಬಂದರು, ಕೊಂಡರು, ಹೊಗಳಿದರು. ಅಂಗಡಿ ಮಾತ್ರ ನೀರು ಕಂಡ ಬಟ್ಟೆಯ ಹಾಗೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಹೋಗಿ ಒಂದು ದಿನ ಬಾಗಿಲು ಹಾಕಿತು.

ಆಸ್ಪತ್ರೆಯ ಮಂಚದ ಮೇಲೆ ಅಪ್ಪ ಮಾಡಿದ ಪಾಲು ಒಂದೇ ಉಸಿರಿನದು. "ಕತ್ತರಿ ದೊಡ್ಡವನಿಗೆ. ಕೋಲು ಚಿಕ್ಕವನಿಗೆ." ಹಂಚಲು ಬೇರೆ ಏನೂ ಉಳಿದಿರಲಿಲ್ಲ.

"ನಾಳೆ ಹೊಸ ಅಂಗಡಿ ಬಾಗಿಲು ತೆಗೀತಿದ್ದೀನಿ," ಎಂದ ಅಣ್ಣ. "ಗೋಡೆ ಮೇಲೆ ಅಪ್ಪನ ಫೋಟೋ, ಕೈಯಲ್ಲಿ ಅಪ್ಪನ ಕೋಲು. ಜನ ಅದನ್ನ ನೋಡೇ ಬರ್ತಾರೆ."

"ನಿಂಗೆ ಕತ್ತರಿ ಬಂತಲ್ಲ ಅಣ್ಣ."

"ಕತ್ತರಿ ನೋಡಿ ಯಾರಾದ್ರೂ ನಂಬ್ತಾರೇನೋ? ಕತ್ತರಿ ಕಂಡ್ರೆ ಮೊದಲು ಜೇಬು ಮುಟ್ಟಿ ನೋಡ್ಕೋತಾರೆ. ನೀನು ಕೋಲಿಟ್ಕೊಂಡು ಏನ್ಮಾಡ್ತೀಯ, ಪದಗಳ ಉದ್ದ ಅಳೀತೀಯಾ?"

"ಅಪ್ಪ ನಂಗೆ ಅಂತ ಹೇಳಿ ಕೊಟ್ಟಿದ್ದು ಅದೊಂದೇ."

"ಆ ಕೈಗೆ ಕೋಲು ಯಾಕೆ ಕೊಟ್ರೋ ನಂಗಂತೂ ಅರ್ಥ ಆಗ್ಲಿಲ್ಲ. ಹಳೇದನ್ನೆಲ್ಲ ನನ್ನ ಬಾಯಲ್ಲಿ ಹೇಳಿಸ್ಬೇಡ."

ಹಳೆಯದು ಎಂದರೆ ಇಪ್ಪತ್ತೈದು ವರ್ಷ ಹಳೆಯದು. ಆಗ ನಿಘಂಟು ಕಾಲೇಜಿಗೆ ಹೋಗುತ್ತಾ ಸಂಜೆ ಹೊತ್ತು ಅಂಗಡಿಯಲ್ಲಿ ಕೂರುತ್ತಿದ್ದ. ವರ್ಷದ ಕೊನೆಗೆ ದಾಸ್ತಾನು ನೋಡಿದರೆ ಪ್ರತಿ ಥಾನಿನಲ್ಲೂ ಬಟ್ಟೆ ಕಮ್ಮಿ. ಮಾರಿದ್ದು ಇಷ್ಟು, ಉಳಿಯಬೇಕಾದದ್ದು ಇಷ್ಟು, ಇರುವುದು ಅದಕ್ಕಿಂತ ಕಡಿಮೆ. ಅಂಗಡಿಯಲ್ಲಿ ಕೂರುತ್ತಿದ್ದವರು ಮೂವರು. ಅಪ್ಪ ಕದಿಯುವುದಿಲ್ಲ, ಲೆಕ್ಕ ನೋಡಿದ ಅಣ್ಣನಿಗೆ ತಾನು ಕದ್ದಿಲ್ಲವೆಂದು ಗೊತ್ತು. "ಇವನು ಗೆಳೆಯರಿಗೆ ಹಂಚ್ತಿದ್ದಾನೆ" ಎಂದು ಅಪ್ಪನ ಎದುರೇ ಹೇಳಿದ. ಅಪ್ಪ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಮುಗಿಸಿ, ಚಿಕ್ಕವನ ಮುಖ ನೋಡದೆ, "ನಾಳೆಯಿಂದ ನೀನು ಅಂಗಡಿಗೆ ಬರಬೇಡ. ಓದ್ಕೋ," ಎಂದ.

ನಿಘಂಟು ಓದಿದ. ಓದಿ ಓದಿ ಪದಕೋಶದ ಕಚೇರಿ ಸೇರಿದ. ಅಪ್ಪ ತನ್ನನ್ನು ಕಳ್ಳನೆಂದೇ ತಿಳಿದಿದ್ದನೇ ಎಂಬ ಒಂದು ಪ್ರಶ್ನೆ ಮಾತ್ರ ಗಂಟಲಿಗೆ ಸಿಕ್ಕಿದ ಮುಳ್ಳಿನ ಹಾಗೆ ಉಳಿಯಿತು. ನುಂಗಿದರೆ ಇಳಿಯದು, ಕೆಮ್ಮಿದರೆ ಬಾರದು. ಅಪ್ಪ ಇರುವಷ್ಟು ದಿನ ಕೇಳಲು ಧೈರ್ಯ ಬರಲಿಲ್ಲ. ಈಗ ಧೈರ್ಯ ಬಂದಿತ್ತು, ಅಪ್ಪ ಇರಲಿಲ್ಲ.

ಮಾತಿನ ಸದ್ದಿಗೆ ಮಹಡಿಯಿಂದ ನಿವೃತ್ತ ಹೆಡ್‌ಮಾಸ್ತರು ಇಳಿದು ಬಂದರು. ಅವರ ಕಿವಿ ಮಂದ. ಜಗಳವೊಂದು ಮಾತ್ರ ಎಷ್ಟು ದೂರದ್ದಾದರೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಣ್ಣತಮ್ಮಂದಿರು ಹೀಗೆ ಬೀದಿಗೆ ಬರಬಾರದಪ್ಪ," ಎಂದರು. "ತೀರ್ಮಾನ ಆಗೋವರೆಗೂ ಕೋಲು ನನ್ನ ಹತ್ರ ಇರ್ಲಿ. ನಂಗೂ ಈಚೆಗೆ ಬೆನ್ನು ಕೆರ್ಕೊಳ್ಳೋಕೆ ಕೈ ಎಟಕ್ತಿಲ್ಲ."

"ನೀವು ಸುಮ್ನಿರಿ ಮೇಷ್ಟ್ರೇ," ಎಂದು ಅಣ್ಣ ಅವರ ಕಡೆ ತಿರುಗಿದ್ದೇ ಸಮಯವೆಂದು ಹೆಂಡತಿ ಅಡುಗೆಮನೆಯ ಬಾಗಿಲಿನಿಂದ ಕೋಲು ಚಾಚಿದಳು.

"ರೀ, ಹಿತ್ತಲ ಕಡೆಯಿಂದ ಹೋಗಿಬಿಡಿ. ಆಫೀಸಲ್ಲಿ ಇಡಿ ಇದನ್ನ. ಮನೇಲಿದ್ರೆ ಇವತ್ತು ಉಳಿಯಲ್ಲ."

ಹೀಗೆ ನಿಘಂಟು ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಕೈಗೆ ಸಿಕ್ಕಿದ ಹೆಂಡತಿಯ ಚಪ್ಪಲಿ ತೊಟ್ಟು, ಕೋಲು ಹಿಡಿದು ಬಸ್ಸಿಗೆ ಓಡಿದ.

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಕೋಲನ್ನು ಅಡ್ಡ ಹಿಡಿದರೆ ಇಬ್ಬರ ಪಕ್ಕೆಗೆ ತಾಗುತ್ತಿತ್ತು, ನೆಟ್ಟಗೆ ಹಿಡಿದರೆ ಒಬ್ಬರ ಮೂಗಿಗೆ. ಕೊನೆಗೆ ತಲೆಯ ಮೇಲೆ ಎತ್ತಿದ. ಅದು ಗಂಟೆಯ ಹಗ್ಗಕ್ಕೆ ಸಿಕ್ಕಿ, ಬಸ್ಸು ಯಾರೂ ಇಳಿಯದ ಜಾಗದಲ್ಲೆಲ್ಲ ನಿಂತು ನಿಂತು ಹೋಯಿತು.

"ಸಾರ್, ಇದಕ್ಕೂ ಒಂದು ಟಿಕೆಟ್ ತಗೊಳ್ಳಿ," ಎಂದ ಕಂಡಕ್ಟರ್. "ನಿಮಗಿಂತ ನೆಟ್ಟಗೆ ನಿಂತಿದೆ."

ಪದಕೋಶದ ಕಚೇರಿ ಹಳೆಯ ಗೋದಾಮೊಂದರ ಮಹಡಿಯಲ್ಲಿತ್ತು. ಅಲ್ಲಿಯ ಕೆಲಸದ ವೇಗ ಹೇಗೆಂದರೆ, 'ಅ' ಅಕ್ಷರದಲ್ಲಿ ಕೆಲಸಕ್ಕೆ ಸೇರಿದವರು 'ಕ' ದಾಟುವ ಮೊದಲೇ ನಿವೃತ್ತರಾಗಿದ್ದರು. ಈಗ 'ದ' ನಡೆಯುತ್ತಿತ್ತು. ನಿಘಂಟು ಕೋಲನ್ನು ಮೇಜಿಗೆ ಒರಗಿಸುವಷ್ಟರಲ್ಲಿ ಸಂಪಾದಕರು ಬಂದರು. ಅವರ ಕಣ್ಣು ಮೊದಲು ಚಪ್ಪಲಿಗಳ ಮೇಲೆ, ಆಮೇಲೆ ಕೋಲಿನ ಮೇಲೆ ಬಿತ್ತು. ಎರಡರ ಬಗ್ಗೆಯೂ ಏನೂ ಕೇಳದಿರುವುದೇ ಮೇಲು ಎಂದು ಅವರಿಗೆ ತೋರಿರಬೇಕು.

"'ದಾಯ' ಎಲ್ಲಿ?" ಎಂದರು. "ಐದು ಗಂಟೆಗೆ ಅಚ್ಚಿಗೆ ಹೋಗ್ಬೇಕು. ನಿಮ್ಮ ಒಂದು ಪದಕ್ಕೆ ಇಡೀ ಪುಟ ಕಾದು ಕೂತಿದೆ."

ದಾಯ ಎಂದರೆ ತಂದೆಯಿಂದ ಮಕ್ಕಳಿಗೆ ಬರುವ ಪಾಲು, ಪಿತ್ರಾರ್ಜಿತ. ಅರ್ಥದಲ್ಲಿ ತಕರಾರಿರಲಿಲ್ಲ. ತಕರಾರಿದ್ದದ್ದು ಮೂಲದಲ್ಲಿ. 'ಕೊಡು' ಎಂಬ ಅರ್ಥದ 'ದಾ' ಧಾತುವಿನಿಂದ ಬಂದದ್ದು ಎಂದು ನಿಘಂಟು. 'ಕತ್ತರಿಸು, ತುಂಡು ಮಾಡು' ಎಂಬ ಅರ್ಥದ 'ದೋ' ಧಾತುವಿನಿಂದ ಎಂದು ಎದುರು ಮೇಜಿನ ಸಹೋದ್ಯೋಗಿ. ಈ ಮನುಷ್ಯನಿಗೆ ಕಚೇರಿಯಲ್ಲಿ ಅಡಿಟಿಪ್ಪಣಿ ಎಂದು ಹೆಸರು. ಯಾರು ಏನೇ ಹೇಳಲಿ, ಅದರ ಕೆಳಗೆ ಒಂದು 'ಆದರೆ' ಸೇರಿಸದೆ ಬಿಡುತ್ತಿರಲಿಲ್ಲ. ಮದುವೆ ಆಗಿದೆಯೇ ಎಂದು ಕೇಳಿದವರಿಗೂ "ಆಗಿದೆ ಅಂತಲೇ ಹೇಳ್ಬಹುದು, ಆದ್ರೆ" ಎಂದವನು.

"ಯೋಚ್ನೆ ಮಾಡಿ ನೋಡಿ," ಎಂದ ಅಡಿಟಿಪ್ಪಣಿ. "ಆಸ್ತಿ ವಿಷಯ ಬಂದಾಗ ಜನ ಏನಂತಾರೆ? ಪಾಲಾಯ್ತು, ಭಾಗ ಆಯ್ತು, ಹರಿದು ಹಂಚಿ ಹೋಯ್ತು ಅಂತಾರೆ. ದಾಯ ತಗೊಳ್ಳೋನು ದಾಯಾದಿ. ಆ ಪದಕ್ಕೆ ಮೊದಲು ಬರೀ ಪಾಲುದಾರ ಅಂತ ಅರ್ಥ. ಈಗ ದಾಯಾದಿ ಅಂದ್ರೆ ನೆಂಟ ನೆನಪಾಗ್ತಾನಾ, ಶತ್ರು ನೆನಪಾಗ್ತಾನಾ? ಕತ್ತರಿಸೋದೇ ಮೂಲ."

"ಕೊಡೋನು ಕೊಡದೆ ಪಾಲು ಎಲ್ಲಿಂದ ಬರತ್ತೆ?"

"ಕೊಡೋನು ಸತ್ತ ಮೇಲೆ ಬರತ್ತೆ. ಇದು ನಿಮ್ಮ ತಂದೆದಲ್ವಾ? ಅಣ್ಣನಿಂದ ತಪ್ಪಿಸ್ಕೊಂಡು ತಂದಿದ್ದೀರಿ ಅಂತ ಕಾಣತ್ತೆ. ಆಧಾರ ಕೈಲೇ ಹಿಡ್ಕೊಂಡು ವಾದ ಮಾಡ್ತೀರಲ್ಲ."

"ಇದು ಕೊಟ್ಟಿದ್ದು," ಎಂದ ನಿಘಂಟು. ಆದರೆ ಯಾಕೆ ಕೊಟ್ಟ ಎಂಬುದಕ್ಕೆ ಅವನಲ್ಲೂ ಆಧಾರವಿರಲಿಲ್ಲ.

ಅಷ್ಟರಲ್ಲಿ ಬಡಗಿ ಬಂದ. 'ದ' ಅಕ್ಷರದ ಚೀಟಿಗಳ ಪೆಟ್ಟಿಗೆಗಳಿಗೆ ಜಾಗವಿಲ್ಲವೆಂದು ಸಂಪಾದಕರ ಕುರ್ಚಿಯ ಹಿಂದಿನ ಗೋಡೆಯ ಗೂಡಿಗೆ ಒಂದು ಹಲಗೆ ಕೂರಿಸಬೇಕಿತ್ತು. ಬಡಗಿ ಸ್ಟೂಲು ಹತ್ತಿ ಗೂಡನ್ನು ಟೇಪಿನಿಂದ ಅಳೆದು, "ಸರಿಯಾಗಿ ಎರಡು ಮೀಟರ್," ಎಂದು ಹೇಳಿ, ಟೇಪನ್ನು ಗೂಡಿನಲ್ಲೇ ಮರೆತು, ಹಲಗೆ ಕೊಯ್ಯಲು ಕೆಳಗಿನ ಅಂಗಳಕ್ಕೆ ಹೋದ. ಅಲ್ಲಿಂದ ಟೇಪು ಕೊಡಿ ಎಂದು ಕೂಗಿದ. ಸಂಪಾದಕರು ಗೂಡಿಗೆ ಬೆನ್ನು ಹಾಕಿ ಓದುತ್ತಿದ್ದರು. ಅವರನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ.

"ಟೇಪು ಯಾಕೆ, ಮೀಟರ್ ಕೋಲೇ ಇದೆಯಲ್ಲ," ಎಂದು ಅಡಿಟಿಪ್ಪಣಿ ನಿಘಂಟಿನ ಒಪ್ಪಿಗೆಗೂ ಕಾಯದೆ ಕೋಲು ಎತ್ತಿಕೊಂಡು ಕೆಳಗಿಳಿದ. ಬಡಗಿ ಕೋಲನ್ನು ಹಲಗೆಯ ಮೇಲೆ ಎರಡು ಸಲ ಇಟ್ಟು, ಗೆರೆ ಎಳೆದು, ಕೊಯ್ದ.

ಹಲಗೆ ಮೇಲೆ ಬಂತು. ಗೂಡಿಗೆ ಇಟ್ಟರೆ ಒಂದು ಕಡೆ ಹೊಕ್ಕಿತು, ಇನ್ನೊಂದು ಕಡೆ ಹೊರಗೇ ನಿಂತಿತು. ಬಡಗಿ ಅಂಗೈಯಿಂದ ಗುದ್ದಿದ. ಅಡಿಟಿಪ್ಪಣಿ ಭುಜ ಕೊಟ್ಟ. ಮೂರನೆಯ ಗುದ್ದಿಗೆ ಗೋಡೆಯ ಗಾರೆ ಅಂಗೈಯಗಲ ಕಳಚಿ ಸಂಪಾದಕರ ಟೀಗೆ ಬಿತ್ತು. ಉಳಿದ ಪುಡಿ ಅವರ ತಲೆಯ ಮೇಲೆ ಕೂತು, ಅವರು ಒಂದೇ ಕ್ಷಣದಲ್ಲಿ ಹತ್ತು ವರ್ಷ ಹಿರಿಯರಾದರು.

"ಎಂಥ ಬಡಗಿಯಪ್ಪ ನೀನು," ಎಂದರು ಸಂಪಾದಕರು, ಟೀ ಲೋಟದೊಳಗೆ ನೋಡುತ್ತಾ.

"ನನ್ನ ಅಳತೆ ತಪ್ಪಲ್ಲ ಸಾರ್," ಎಂದ ಬಡಗಿ. ಟೇಪು ತೆಗೆದು ಹಲಗೆ ಅಳೆದ. ಎರಡು ಮೀಟರಿನ ಮೇಲೆ ಮೂರು ಸೆಂಟಿಮೀಟರ್. ಹುಬ್ಬು ಗಂಟಿಕ್ಕಿ ಕೋಲಿನ ಮೇಲೆ ಟೇಪು ಹಿಡಿದ. ಮೀಟರ್ ಗುರುತು ಕೋಲಿನ ತುದಿಗೆ ಬರಲೇ ಇಲ್ಲ. "ನೋಡಿ, ನಿಮ್ಮ ಕೋಲೇ ಉದ್ದ. ಒಂದೂವರೆ ಸೆಂಟಿಮೀಟರ್. ಇದನ್ನ ನಂಬಿ ನಾನು ಬೈಸ್ಕೋಬೇಕಾಯ್ತು."

ನಿಘಂಟು ಟೇಪನ್ನು ತನ್ನ ಕೈಗೆ ತೆಗೆದುಕೊಂಡ. ಅಳೆದ. ಕೋಲನ್ನು ತಿರುಗಿಸಿ ಮತ್ತೆ ಅಳೆದ. ಆಮೇಲೆ ಗಾರೆಯ ಪುಡಿಯ ಮೇಲೇ ಕುರ್ಚಿ ಎಳೆದುಕೊಂಡು ಕೂತ.

ಪ್ರತಿ ಮೀಟರಿಗೂ ಒಂದೂವರೆ ಸೆಂಟಿಮೀಟರ್ ಬಟ್ಟೆ ಹೆಚ್ಚಾಗಿ ಹೋಗಿದೆ. ಪ್ರತಿ ಗಿರಾಕಿಗೆ, ಪ್ರತಿ ದಿನ, ಅಷ್ಟೂ ವರ್ಷ. ಥಾನಿನಿಂದ ಬಟ್ಟೆ ಕದ್ದವರು ಯಾರೂ ಇಲ್ಲ. ಕೋಲು ಕೊಟ್ಟಿದೆ.

ಅವನು ಹೋಗಿ ಅಣ್ಣನ ಅಂಗಡಿಗೆ ಫೋನು ಮಾಡಿದ.

"ಅಣ್ಣ, ಆಫೀಸಿಗೆ ಬಾ. ಕೋಲು ಕೊಡ್ತೀನಿ. ಆದ್ರೆ ಕೊಡೋ ಮುಂಚೆ ನಿಂಗೊಂದು ತೋರಿಸ್ಬೇಕು."

"ಬೆಳಿಗ್ಗೆನೇ ಕೊಟ್ಟಿದ್ರೆ ಏನಾಗ್ತಿತ್ತೋ," ಎಂದ ಅಣ್ಣ. "ನಾಲ್ಕೂವರೆಗೆ ಬರ್ತೀನಿ."

ಇಲ್ಲಿಗೆ ಸುಮ್ಮನಿದ್ದಿದ್ದರೆ ಬೇರೆ ಯಾವ ಮನುಷ್ಯನಾದರೂ ಗೆಲ್ಲುತ್ತಿದ್ದ. ಆದರೆ ನಿಘಂಟು ಪದಕೋಶದವನು. ಬಡಗಿಯ ಟೇಪು ಯಾವ ಆಧಾರ? ಅದರ ತುದಿಯ ತಗಡೇ ಸಡಿಲ. ಅಣ್ಣ ಅದನ್ನು ಹಿಡಿದು ಆಡಿಸಿ ನಕ್ಕುಬಿಟ್ಟರೆ?

"ಆಧಾರ ಗಟ್ಟಿ ಬೇಕು," ಎಂದ.

"ಪಕ್ಕದ ಬೀದೀಲಿ ಅಳತೆ ತೂಕದ ಕಚೇರಿ ಇದೆ," ಎಂದ ಅಡಿಟಿಪ್ಪಣಿ. "ಸರ್ಕಾರ ಹೇಳಿದ್ರೆ ನಿಮ್ಮಣ್ಣ ಇಲ್ಲ ಅನ್ನೋಕಾಗಲ್ಲ. ನಡೀರಿ, ನಾನೂ ಬರ್ತೀನಿ."

ಅಳತೆ ತೂಕದ ಕಚೇರಿಯಲ್ಲಿ ಇನ್ಸ್‌ಪೆಕ್ಟರೊಬ್ಬರೇ ಇದ್ದರು. ಗೋಡೆಯುದ್ದಕ್ಕೂ ವಶಪಡಿಸಿಕೊಂಡ ತಕ್ಕಡಿ, ಬಟ್ಟು, ಲೀಟರು ಪಾತ್ರೆಗಳು ತಪ್ಪು ಮಾಡಿ ಬೆಂಚಿನ ಮೇಲೆ ನಿಂತ ಮಕ್ಕಳ ಹಾಗೆ ಸಾಲಾಗಿದ್ದವು. ಇನ್ಸ್‌ಪೆಕ್ಟರು ಚಪ್ಪಲಿಗಳನ್ನು ನೋಡಿ, "ಜೋಡಿ ಸರಿಯಿಲ್ಲ," ಎಂದರು. ಅದು ಅವರ ವೃತ್ತಿಯ ಅಭ್ಯಾಸ. ಆಮೇಲೆ ಕೋಲನ್ನು ಉಕ್ಕಿನ ಪಟ್ಟಿಯ ಪಕ್ಕ ಮಲಗಿಸಿ, ಬಗ್ಗಿ, ಕನ್ನಡಕ ಹಣೆಗೇರಿಸಿ ನೋಡಿದರು.

"ಹದಿನೈದು ಮಿಲಿಮೀಟರ್ ಹೆಚ್ಚು," ಎಂದರು. ಕೋಲನ್ನು ಇನ್ನೊಮ್ಮೆ ತಿರುವಿ ನೋಡಿ, "ಕಮ್ಮಿ ಇರೋ ಕೋಲು ದಿನಾ ನೋಡ್ತೀನಿ. ಹೆಚ್ಚಿರೋದು ನನ್ನ ಸರ್ವೀಸಲ್ಲೇ ಇದೊಂದು. ಯಾವ ಪುಣ್ಯಾತ್ಮನದ್ರೀ?"

"ನಮ್ಮಪ್ಪಂದು," ಎಂದ ನಿಘಂಟು. "ಇದನ್ನ ಒಂದು ಕಾಗದದ ಮೇಲೆ ಬರೆದುಕೊಡ್ತೀರಾ ಸಾರ್? ಸೀಲು ಹಾಕಿ."

"ಸೀಲು ತಾನೇ? ಹಾಕಿ ಕೊಡೋಣ. ಕೂತಿರಿ," ಎಂದು ಇನ್ಸ್‌ಪೆಕ್ಟರು ಕೋಲು ತೆಗೆದುಕೊಂಡು ಒಳಗಿನ ಕೋಣೆಗೆ ಹೋದರು.

ನಿಘಂಟು ಬೆಂಚಿನ ಮೇಲೆ ಕೂತ. ಪುಣ್ಯಾತ್ಮ ಎಂಬ ಮಾತು ಕಿವಿಯಲ್ಲೇ ಉಳಿದಿತ್ತು. ಅಪ್ಪನಿಗೆ ವ್ಯಾಪಾರ ಬರುವುದಿಲ್ಲ, ಅಪ್ಪನಿಗೆ ಲೆಕ್ಕ ಬರುವುದಿಲ್ಲ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ತಾನೂ ಹೇಳಿದ್ದ. ಅಪ್ಪ ನಗುತ್ತಿದ್ದ. ಒಂದು ಸಲ ಒಗೆದು ಆಮೇಲೆ ಅಳೆದು ನೋಡಿ.

ಆ ಮಾತಿನ ಬಳಿ ಬಂದು ಅವನ ಯೋಚನೆ ನಿಂತಿತು. ಬಟ್ಟೆ ಒಗೆದರೆ ಕುಗ್ಗುತ್ತದೆ. ಕುಗ್ಗಿದ ಮೇಲೂ ಒಂದು ಮೀಟರ್ ಇರಬೇಕಾದರೆ ಮೊದಲೇ ಅಷ್ಟು ಹೆಚ್ಚು ಕೊಟ್ಟಿರಬೇಕು. ಅಪ್ಪ ಬಡಗಿಯ ಮುಂದೆ ತಾನೇ ಕೂತು ಮಾಡಿಸಿದ ಕೋಲು ಇದು. ಮುದ್ರೆಯ ಕೋಲನ್ನು ಗೋಡೆಗೆ ನೇತುಹಾಕಿ ಇದರಿಂದಲೇ ಅಳೆದವನು. ತಪ್ಪಿ ಆದದ್ದಲ್ಲ.

ಹಾಗಾದರೆ ಬಟ್ಟೆ ಎಲ್ಲಿ ಹೋಯಿತೆಂದು ಅಪ್ಪನಿಗೆ ಗೊತ್ತಿತ್ತು. ಚಿಕ್ಕವನು ಕದ್ದಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ ಬಟ್ಟೆ ಮಡಿಸುತ್ತಾ ಕೂತ. ಬಾಯಿ ಬಿಟ್ಟಿದ್ದರೆ ಅಣ್ಣ ಅಂದೇ ಕೋಲನ್ನು ಸರಿ ಮಾಡಿಸಿಬಿಡುತ್ತಿದ್ದ. ಊರಿಗೆ ಕೊಡುವುದನ್ನು ನಿಲ್ಲಿಸಲಾರದೆ ಮಗನನ್ನು ಕತ್ತರಿಸಿಕೊಂಡನೇ? ಇಲ್ಲವೇ, ಇಂದಲ್ಲ ನಾಳೆ ಮುಳುಗುವ ಅಂಗಡಿ ಇದು, ಇವನಾದರೂ ಓದಿ ದಡ ಸೇರಲಿ ಎಂದು ಸಿಕ್ಕ ನೆಪವನ್ನು ಹಿಡಿದನೇ? ನಿಘಂಟಿಗೆ ತಿಳಿಯಲಿಲ್ಲ. ಒಂದು ಮಾತ್ರ ತಿಳಿಯಿತು. ಬಾಯಿಂದ ಹೇಳಲಾರದ್ದನ್ನು ಅಪ್ಪ ಕೈಗೆ ಕೊಟ್ಟು ಹೋಗಿದ್ದ. ಕೋಲು ಚಿಕ್ಕವನಿಗೆ. ನಿನ್ನ ಮೇಲಿನ ಮಾತಿಗೆ ಉತ್ತರ ಇದು, ಅಳೆದು ನೋಡಿಕೋ ಎಂದು.

ಎರಡು ತಿಂಗಳಿಂದ ಅದು ಅಡುಗೆಮನೆಯ ಬಾಗಿಲ ಹಿಂದೆ ನಿಂತಿತ್ತು. ಅವನು ಅಳೆದು ನೋಡಿರಲಿಲ್ಲ.

ಕಣ್ಣು ಮಂಜಾಯಿತು. ಪಕ್ಕದಲ್ಲಿ ಅಡಿಟಿಪ್ಪಣಿ ಏನೋ ಹೇಳುತ್ತಿದ್ದ, ಒಳಗಿನಿಂದ ಏನೋ ಗರಗರ ಎನ್ನುತ್ತಿತ್ತು. ಎರಡೂ ಅವನಿಗೆ ಕೇಳಿಸಲಿಲ್ಲ.

ಇನ್ಸ್‌ಪೆಕ್ಟರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ತೃಪ್ತಿ.

"ತಗೊಳ್ಳಿ. ಈಗ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಟೊಪ್ಪಿ ತೆಗೆದು, ಹೆಚ್ಚಿಗೆ ಇದ್ದದ್ದು ಕೊಯ್ದು, ಮತ್ತೆ ಕೂರಿಸಿ, ಮುದ್ರೆ ಒತ್ತಿದ್ದೀನಿ. ನೀವು ಸೀಲು ಕೇಳಿದ್ರಲ್ಲ, ನೋಡಿ, ಈ ವರ್ಷದ್ದೇ."

ನಿಘಂಟು ಕೋಲನ್ನು ನೋಡಿದ. ಅಪ್ಪನ ಹೆಬ್ಬೆರಳಿನ ಗುಳಿಯ ಪಕ್ಕದಲ್ಲೇ ಹೊಸ ಮುದ್ರೆ ಹೊಳೆಯುತ್ತಿತ್ತು.

"ನಾನು ಕೇಳಿದ್ದು ಇದು ತಪ್ಪಿದೆ ಅಂತ ಬರೆದುಕೊಡಿ ಅಂತ," ಎಂದ ಮೆಲ್ಲಗೆ.

"ತಪ್ಪಿಗೆ ಯಾರ್ರೀ ಸರ್ಟಿಫಿಕೇಟ್ ಕೊಡ್ತಾರೆ? ಸುಳ್ಳು ಅಳತೆ ಒಂದು ಸಲ ಈ ಬಾಗಿಲೊಳಗೆ ಬಂದ್ರೆ ಹಾಗೇ ಆಚೆ ಬಿಡೋ ಹಾಗಿಲ್ಲ. ನಿಯಮ." ಇನ್ಸ್‌ಪೆಕ್ಟರು ಜೇಬಿನಿಂದ ಒಂದು ಪುಟ್ಟ ಮರದ ಚೂರು ತೆಗೆದು ಅವನ ಅಂಗೈಯಲ್ಲಿಟ್ಟರು. "ಇದು ನಿಮ್ಮದೇ ಮರ. ನಾವು ಇಟ್ಕೊಳ್ಳಲ್ಲ." ಆಮೇಲೆ ಕಚೇರಿಗೆ ಬೀಗ ಹಾಕಿಕೊಂಡು ಸಂತೆಯ ತಕ್ಕಡಿ ನೋಡಲು ಹೊರಟರು.

ಅವರು ಕಚೇರಿಗೆ ಮರಳುವಷ್ಟರಲ್ಲಿ ಬಡಗಿಯೂ ತನ್ನ ತಪ್ಪನ್ನು ಸರಿಪಡಿಸಿದ್ದ. ಹೆಚ್ಚಿದ್ದ ಹಲಗೆಯನ್ನು ಕೊಯ್ದು, ಗೂಡಿಗೆ ಉಗುರು ತೂರದ ಹಾಗೆ ಕೂರಿಸಿ, ಮನೆಗೆ ಹೋಗಿದ್ದ. ಮರದ ಹೊಟ್ಟನ್ನು ಗುಡಿಸಿಯೂ ಆಗಿತ್ತು. ಅಣ್ಣ ನಿಘಂಟಿನ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದ.

ನಿಘಂಟು ಹೇಳಿದ. ಕೋಲು, ಒಂದೂವರೆ ಸೆಂಟಿಮೀಟರ್, ಒಗೆದ ಬಟ್ಟೆ, ಥಾನುಗಳು, ಎಲ್ಲವನ್ನೂ. ಇಪ್ಪತ್ತೈದು ವರ್ಷದಲ್ಲಿ ಅಣ್ಣನ ಎದುರು ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಅಣ್ಣ ಪೂರ್ತಿ ಕೇಳಿದ. ಆಮೇಲೆ ಜೇಬಿನಿಂದ ಹೊಚ್ಚ ಹೊಸ ಉಕ್ಕಿನ ಟೇಪು ತೆಗೆದು ಕೋಲಿನ ಮೇಲೆ ಎಳೆದ.

"ಸರಿಯಾಗೇ ಇದೆಯಲ್ಲೋ. ಮುದ್ರೆನೂ ಇದೆ."

"ಈಗ ಸರಿ ಇದೆ ಅಣ್ಣ. ಇದು ಕೊಯ್ದ ಚೂರು." ಅಂಗೈ ಬಿಚ್ಚಿದ.

ಅಣ್ಣ ಚೂರನ್ನು ನೋಡಿದ, ತಮ್ಮನ ಕಾಲಿನ ಚಪ್ಪಲಿಗಳನ್ನು ನೋಡಿದ. "ಮರದ ಚೂರು ಎಲ್ಲಿ ಬೇಕಾದ್ರೂ ಸಿಗತ್ತೆ. ಬೇರೆ ಯಾರಾದ್ರೂ ಕಣ್ಣಲ್ಲಿ ನೋಡಿದವರಿದ್ದಾರಾ?"

"ಇವರಿದ್ದಾರೆ," ಎಂದು ನಿಘಂಟು ಅಡಿಟಿಪ್ಪಣಿಯ ಕಡೆ ತಿರುಗಿದ.

ಒಂದೇ ಒಂದು ಸಲ, ಒಂದೇ ಒಂದು ಹೌದು ಬೇಕಿತ್ತು. ಅಡಿಟಿಪ್ಪಣಿ ಗಂಟಲು ಸರಿಮಾಡಿಕೊಂಡ. ಅವನು ಸುಳ್ಳು ಹೇಳುವವನಲ್ಲ, ಅದೇ ತೊಂದರೆ.

"ನೋಡಿದೆ ಅಂತಲೇ ಹೇಳ್ಬಹುದು," ಎಂದ. "ಆದ್ರೆ ನಾನು ನೋಡಿದ್ದು ಬಡಗಿಯ ಟೇಪು. ಅದರ ತುದಿ ಸ್ವಲ್ಪ ಸಡಿಲ ಇತ್ತು. ಇನ್ಸ್‌ಪೆಕ್ಟರು ಹೇಳಿದ್ದು ಕಿವಿಯಲ್ಲಿ ಕೇಳಿದೆ, ಆದ್ರೆ ಗೆರೆ ನಾನು ಬಗ್ಗಿ ನೋಡ್ಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆಯೂ ಕೋಲು ಇಷ್ಟೇ ಇತ್ತು ಅನ್ನೋದಕ್ಕೆ ಅಂತೂ..."

"ಸಾಕು ಬಿಡಿ ಸಾರ್," ಎಂದ ಅಣ್ಣ.

ಅವನು ಎದ್ದು ಕೋಲು ತೆಗೆದುಕೊಂಡ. ನಿಘಂಟು ತಡೆಯಲಿಲ್ಲ. ಕೊಡುತ್ತೇನೆ ಎಂದು ಹೇಳಿ ಕರೆಸಿದ್ದ. ಅದೂ ಅಲ್ಲದೆ, ಕೈಯಲ್ಲಿ ಹಿಡಿದದ್ದು ಈಗ ಯಾವ ಅಂಗಡಿಯಲ್ಲಾದರೂ ಸಿಗುವ ಒಂದು ಮೀಟರ್ ಕೋಲು. ಅಣ್ಣ ಬಾಗಿಲ ತನಕ ಹೋಗಿ ತಿರುಗಿ ಬಂದ. ಅವನ ಮುಖ ಬೆಳಿಗ್ಗೆಯ ಮುಖವಾಗಿರಲಿಲ್ಲ. ತಮ್ಮನ ಭುಜದ ಮೇಲೆ ಕೈಯಿಟ್ಟ.

"ನೋಡು ಮರಿ," ಎಂದ. ಅಪ್ಪನ ಅಂಗಡಿ ಬಿಟ್ಟ ಮೇಲೆ ಆ ಹೆಸರಿನಿಂದ ಅವನನ್ನು ಯಾರೂ ಕರೆದಿರಲಿಲ್ಲ. "ಸತ್ತವರ ಕೋಲಿನ ಮೇಲೆ ಹಾಕ್ಬೇಡ ಅದನ್ನ. ನೀನು ಇನ್ನೂ ಇಷ್ಟು ಮನಸ್ಸಿಗೆ ಹಚ್ಕೊಂಡಿದ್ದೀಯ ಅಂತ ನಂಗೆ ಗೊತ್ತಿರ್ಲಿಲ್ಲ. ಚಿಕ್ಕ ವಯಸ್ಸು, ಆಗತ್ತೆ. ನಾನು ಕ್ಷಮಿಸಿ ಎಷ್ಟೋ ವರ್ಷ ಆಯ್ತು."

ನಿಘಂಟು ಚೂರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ನಾಳೆ ಅಂಗಡಿಗೆ ಬಾ," ಎಂದ ಅಣ್ಣ. "ನಿಂಗೊಂದು ಷರ್ಟ್ ಪೀಸ್ ತೆಗೆದಿಡ್ತೀನಿ. ಇದೇ ಕೋಲಲ್ಲಿ, ನಾನೇ ಅಳೆದು ಕೊಡ್ತೀನಿ."

ಮೆಟ್ಟಿಲ ಮೇಲೆ ಕೋಲು ಟಕ್ ಟಕ್ ಎಂದು ಇಳಿದುಹೋಯಿತು. ಸಂಪಾದಕರು ತಲೆಯ ಪುಡಿ ಕೊಡವಿಕೊಳ್ಳುತ್ತಾ ಬಂದು ಮೇಜಿನ ಮುಂದೆ ನಿಂತರು.

"ದಾಯ?"

ನಿಘಂಟು ಚೀಟಿ ಎಳೆದುಕೊಂಡು ಬರೆದುಕೊಟ್ಟ. ಸಂಪಾದಕರು ಓದಿ ಕನ್ನಡಕ ತೆಗೆದರು.

"ಏನ್ರೀ ಇದು? 'ದಾ, ಕೊಡು ಎಂಬ ಅರ್ಥದಲ್ಲಿ. ಅಥವಾ ದೋ, ಕತ್ತರಿಸು ಎಂಬ ಅರ್ಥದಲ್ಲಿ. ಎರಡೂ ಇರಬಹುದು.' ಬೆಳಿಗ್ಗೆ ಕೊಡೋದೇ ಮೂಲ ಅಂತ ವಾದ ಮಾಡ್ತಿದ್ರಿ. ಯಾವುದಾದ್ರೂ ಒಂದು ಹೇಳಿ."

"ಆಗಲ್ಲ ಸಾರ್," ಎಂದ ನಿಘಂಟು. "ಆಧಾರ ಉಳಿದಿಲ್ಲ."

ಎದುರು ಮೇಜಿನಲ್ಲಿ ಅಡಿಟಿಪ್ಪಣಿ ಬಾಯಿ ತೆರೆದು, ಅವನ ಮುಖ ನೋಡಿ, ಮುಚ್ಚಿಕೊಂಡ. ಸಂಪಾದಕರು ಚೀಟಿ ಹಿಡಿದು ಅಚ್ಚಿನ ಕೋಣೆಗೆ ಹೋದರು. ಉಳಿದವರು ಒಬ್ಬೊಬ್ಬರಾಗಿ ಚೀಲ ತೆಗೆದುಕೊಂಡು ಹೊರಟರು.

ನಿಘಂಟು ಮುಷ್ಟಿ ಬಿಚ್ಚಿದ. ಚೂರಿನ ಒಂದು ಮುಖದಲ್ಲಿ, ಇಷ್ಟು ವರ್ಷ ಹಿತ್ತಾಳೆಯ ಟೊಪ್ಪಿ ಮುಚ್ಚಿದ್ದ ಕಡೆ, ಮರ ಎಳೆಯ ಕಂದು ಬಣ್ಣಕ್ಕಿತ್ತು. ಅವನು ಖಾನೆಯಿಂದ ಉಕ್ಕಿನ ಅಡಿಪಟ್ಟಿ ತೆಗೆದು, ದೀಪದ ಹತ್ತಿರ ಸರಿಸಿ, ಚೂರನ್ನು ಸೊನ್ನೆಯ ಗೆರೆಗೆ ಕೂಡಿಸಿ ಇಟ್ಟ. ಹದಿನೈದು ಇರಬೇಕಿತ್ತು. ಒಂದನ್ನು ಗರಗಸ ತಿಂದಿತ್ತು. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಎರಡು ಸಲ ಓದಿದ.

ಹದಿನಾಲ್ಕು ಮಿಲಿಮೀಟರ್.